ಮೊಳೆಯದೆ ಕಾಯುವ ಬೀಜ: ಆವರಿಕೆಯ ಮಾತು

(ದತ್ತಿ ಉಪನ್ಯಾಸದ ಪಠ್ಯ)



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿಯ ಆಶಯ. ನಾನು ಆರಿಸಿಕೊಂಡಿರುವುದು ಒಂದು ಕಾಡುಗಿಡದ ಬೀಜ ಮೊಳೆಯುವ ಬಗೆಯನ್ನು. ಗಿಡದ ಹೆಸರು ಆವರಿಕೆ. ಕೆಲವರು ತಂಗಡಿ ಎನ್ನುತ್ತೀರಿ, ಹೊನ್ನಾವರಿಕೆ ಎನ್ನುವವರೂ ಇದ್ದೀರಿ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಸೆನ್ನ ಆರಿಕ್ಯುಲೇಟ. ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯ ಆರಿಕ್ಯುಲೇಟ. ಅವರೆ, ತೊಗರಿ, ಹೆಸರು, ಹುರುಳಿ ಇವೆಲ್ಲ ಸೇರಿದ ದೊಡ್ಡ ಕುಟುಂಬದ್ದೇ ಇದೂ.

ನಮ್ಮ ಮನೆಗಳಲ್ಲಿ ಹುರುಳಿಯನ್ನು ಮೊಳಕೆ ಕಟ್ಟುವುದು ಎಲ್ಲರಿಗೂ ಗೊತ್ತು. ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಮರುದಿನಕ್ಕೆ ಕಾಳುಕಾಳೂ ಬಿಳಿಯ ಮೂತಿ ಚಾಚಿರುತ್ತದೆ. ಅದೇ ಪಾತ್ರೆ, ಅದೇ ನೀರು, ಅದೇ ಬಟ್ಟೆಯಲ್ಲಿ ಆವರಿಕೆಯ ಬೀಜವನ್ನು ಕಟ್ಟಿ ನೋಡಿ. ಎರಡು ದಿನ ಬಿಟ್ಟು ಬಿಚ್ಚಿದರೆ ಬಹುಪಾಲು ಬೀಜಗಳು ಹಾಕಿದಾಗ ಹೇಗಿದ್ದವೋ ಹಾಗೇ ಇರುತ್ತವೆ. ಉಗುರಿನಿಂದ ಒತ್ತಿದರೆ ಕಲ್ಲಿನಂತೆ ಗಟ್ಟಿ. ಒಂದು ವಾರ ನೀರಲ್ಲೇ ಬಿಟ್ಟರೂ ಅಷ್ಟೆ. ಆದರೆ ಅವು ಸತ್ತ ಬೀಜಗಳಲ್ಲ, ಜೊಳ್ಳೂ ಅಲ್ಲ. ಒಳಗೆ ಜೀವ ಇದೆ, ಆಹಾರ ಇದೆ, ಹೊರಗೆ ನೀರಿದೆ; ಆದರೂ ಮೊಳೆಯುತ್ತಿಲ್ಲ. ಒಂದೇ ಕುಟುಂಬದ ಎರಡು ಬೀಜಗಳಲ್ಲಿ ಇಷ್ಟು ವ್ಯತ್ಯಾಸ ಏಕೆ ಬಂತು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಅದು ನಮ್ಮನ್ನು ಬಳ್ಳಾರಿಯ ನವಶಿಲಾಯುಗದ ಗುಡ್ಡಗಳವರೆಗೂ ಕರೆದೊಯ್ಯುತ್ತದೆ, ತಿರುಗಿ ಬೆಂಗಳೂರಿನ ಕೆಂಗೇರಿಯ ನರ್ಸರಿಗೂ ಕರೆತರುತ್ತದೆ.

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿ, ರಾಮನಗರದ ಕಡೆ ಹೋಗುವಾಗಲೋ, ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆ ಹೋಗುವಾಗಲೋ ಬಂಡೆಗಳ ಸಂದಿಯಲ್ಲಿ, ಬೇಲಿಯ ಬದಿಯಲ್ಲಿ, ಯಾರೂ ಉಳದ ಗೋಮಾಳದಲ್ಲಿ ಆಳೆತ್ತರದ ಪೊದೆಗಳು ಅಚ್ಚ ಹಳದಿ ಹೂ ಹೊತ್ತು ನಿಂತಿರುತ್ತವೆ. ಸುತ್ತಲಿನ ಹುಲ್ಲೆಲ್ಲ ಒಣಗಿ ಬೂದುಬಣ್ಣಕ್ಕೆ ತಿರುಗಿದಾಗಲೂ ಇದು ಹಸಿರಾಗಿಯೇ ಇರುತ್ತದೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಎರಡು ಎಲೆಪುಚ್ಛಗಳಿರುತ್ತವೆ. ಬೇರೆ ಹಳದಿ ಹೂವಿನ ಸೆನ್ನಗಳಿಂದ ಇದನ್ನು ಬೇರ್ಪಡಿಸಿ ಗುರುತಿಸಲು ಆ ಪುಚ್ಛ ನೋಡಿದರೆ ಸಾಕು. ದನಗಳು ಇದನ್ನು ಮೇಯುವುದಿಲ್ಲ; ಮೇವಿನ ಒತ್ತಡ ಇರುವ ನೆಲದಲ್ಲೂ ಇದು ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಹೂವಿನ ಹತ್ತಿರ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಬೇಕು. ಕಪ್ಪು ಮೈಯ ದೊಡ್ಡ ಭ್ರಮರ ಬಂದು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತದೆ. ಗುಂಯ್ ಎಂಬ ಸದ್ದಿನ ಧಾಟಿ ಆ ಕ್ಷಣಕ್ಕೆ ಬದಲಾಗುವುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಈ ಹೂವಿನ ಪರಾಗಕೋಶಗಳು ಉದ್ದಕ್ಕೆ ಸೀಳುವುದಿಲ್ಲ, ತುದಿಯ ಸಣ್ಣ ರಂಧ್ರದಿಂದ ಮಾತ್ರ ಪುಡಿ ಉದುರಿಸುತ್ತವೆ. ಅದುರಿಸಬಲ್ಲ ಜೇನು ಬಂದರೆ ಮಾತ್ರ ಪರಾಗ ಈಚೆಗೆ. ಹೂವಿನಲ್ಲೇ ಇಷ್ಟು ಎಚ್ಚರ ಇರುವ ಗಿಡ ಬೀಜದಲ್ಲಿ ಇನ್ನೂ ಎಷ್ಟು ಎಚ್ಚರ ಇಟ್ಟಿರಬೇಕು!

ಮನುಷ್ಯರು ಇದನ್ನು ಬಹಳ ಕಾಲದಿಂದ ಬಳಸಿದ್ದಾರೆ. ತೊಗಟೆಯಲ್ಲಿ ಟ್ಯಾನಿನ್ ಹೇರಳ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡುವವರಿಗೆ ಆವರಿಕೆಯ ತೊಗಟೆಯೇ ಮುಖ್ಯ ಸಾಮಗ್ರಿಯಾಗಿತ್ತು. ಮದರಾಸಿನಿಂದ ಹಡಗು ಹತ್ತಿದ ಹದ ಮಾಡಿದ ಚರ್ಮದ ಹಿಂದೆ ಈ ಪೊದೆ ಇತ್ತು. ಕಳೆದ ಶತಮಾನದಲ್ಲಿ ದಕ್ಷಿಣ ಆಫ್ರಿಕದ ವಾಟಲ್ ತೊಗಟೆ ಬಂದು ಇದರ ಜಾಗ ಹಿಡಿಯಿತು. ಸೊಪ್ಪನ್ನು ಗದ್ದೆಗೆ ತುಳಿಸಿ ಹಸಿರೆಲೆ ಗೊಬ್ಬರ ಮಾಡುವ ರೂಢಿಯೂ ಇತ್ತು. ತೆಲಂಗಾಣದ ಬತುಕಮ್ಮ ಹಬ್ಬ ಈ ಹೂವಿಲ್ಲದೆ ನಡೆಯುವುದಿಲ್ಲ. ಆ ರಾಜ್ಯ ಇದನ್ನೇ ತನ್ನ ರಾಜ್ಯಪುಷ್ಪವನ್ನಾಗಿ ಆರಿಸಿಕೊಂಡಿದೆ. ನಾವು ರಸ್ತೆ ವಿಭಜಕಗಳಿಗೆ ದೂರದೂರದ ಅಲಂಕಾರದ ಗಿಡಗಳನ್ನು ತಂದು, ಟ್ಯಾಂಕರ್ ನೀರು ಹಾಕಿ ಬದುಕಿಸುತ್ತಿದ್ದೇವೆ. ನೀರು ಕೇಳದ ಈ ನೆಲದ ಗಿಡವನ್ನು ಒಂದು ಕಡೆಯಾದರೂ ನೆಡಬಹುದಲ್ಲವೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದ್ವಿದಳದ ಗಿಡ ಎಂದ ಕೂಡಲೆ ಬೇರಿನಲ್ಲಿ ಗಂಟು ಇರುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ ಎಂದು ಭಾಷಣಗಳಲ್ಲಿ ಹೇಳಿಬಿಡುತ್ತೇವೆ. ಹುರುಳಿ, ಅವರೆ, ಹೊಂಗೆಗಳ ವಿಷಯದಲ್ಲಿ ಅದು ನಿಜ. ಆದರೆ ಸೆನ್ನ ಬಳಗದ ಗಿಡಗಳಲ್ಲಿ ಸಾಮಾನ್ಯವಾಗಿ ಆ ಗಂಟುಗಳಿರುವುದಿಲ್ಲ. ಆವರಿಕೆ ನೆಲಕ್ಕೆ ಕೊಡುವುದು ಉದುರಿದ ಎಲೆ, ನೆರಳು, ಮಣ್ಣು ಕೊಚ್ಚಿಹೋಗದಂತೆ ಹಿಡಿಯುವ ಬೇರು. ಅಷ್ಟು ಸಾಕು, ಇಲ್ಲದ ಗುಣವನ್ನು ಹೊರಿಸಿ ಹೊಗಳಬೇಕಾಗಿಲ್ಲ.

ಈಗ ಬೀಜಕ್ಕೆ ಬರೋಣ. ಚಪ್ಪಟೆಯಾದ, ಕಾಗದದಂತೆ ತೆಳುವಾದ ಕಾಯಿ. ಒಣಗಿದಾಗ ಕಂದುಬಣ್ಣ, ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಒಂದೊಂದು ಕಾಯಿಯಲ್ಲಿ ಹತ್ತರಿಂದ ಇಪ್ಪತ್ತು ಬೀಜ, ಹುರುಳಿಗಿಂತ ತುಸು ಉದ್ದ, ನುಣುಪು ಮೈ. ಕೆಲವು ಬೀಜಗಳಲ್ಲಿ ಸೂಜಿ ಚುಚ್ಚಿದಂಥ ದುಂಡನೆಯ ತೂತು ಕಾಣಿಸುತ್ತದೆ. ಅದು ಕಾಳು ಕೊರೆಯುವ ಹುಳುವಿನ ಕೆಲಸ. ಅಂಥವನ್ನು ನೀರಿಗೆ ಹಾಕಿದರೆ ತೇಲುತ್ತವೆ, ಬಿಸಾಡಬಹುದು. ಉಳಿದವನ್ನು ನೋಡಿ.

ಬೀಜದ ಹೊರಸಿಪ್ಪೆಯನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರೆ, ಮೇಲ್ಮೈಯಲ್ಲಿ ಕಂಬದಾಕಾರದ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿರುವುದು ಕಾಣುತ್ತದೆ. ನಡುವೆ ಗಾಳಿ ಆಡಲೂ ಎಡೆಯಿಲ್ಲ. ಹದಿನೇಳನೆಯ ಶತಮಾನದ ಇಟಲಿಯ ವಿಜ್ಞಾನಿ ಮಾರ್ಚೆಲ್ಲೊ ಮಾಲ್ಪೀಗಿಯ ನೆನಪಿಗೆ ಇವನ್ನು ಮಾಲ್ಪೀಗಿ ಕೋಶಗಳು ಎನ್ನುತ್ತಾರೆ. ಆ ಕಂಬಗಳ ಗೋಡೆ ದಪ್ಪ. ಮೇಲೆ ಮೇಣದಂಥ ಹೊದಿಕೆ. ಬೀಜ ಬಲಿತು ಒಣಗುತ್ತ ಹೋದಂತೆ ಈ ಪದರ ಬಿಗಿಯುತ್ತದೆ. ಒಳಗಿನ ತೇವ ಒಂದು ಹಂತಕ್ಕಿಂತ ಕೆಳಗೆ ಇಳಿದ ಮೇಲೆ ನೀರು ಒಳಗೆ ಹೋಗುವ ದಾರಿಯೇ ಇರುವುದಿಲ್ಲ. ಇದನ್ನು ಭೌತಿಕ ಸುಪ್ತಾವಸ್ಥೆ ಎನ್ನುತ್ತಾರೆ. ಭೌತಿಕ ಎಂಬುದನ್ನು ಒತ್ತಿ ಹೇಳುತ್ತೇನೆ. ಒಳಗಿನ ಭ್ರೂಣಕ್ಕೆ ಯಾವ ತಡೆಯೂ ಇಲ್ಲ. ಸಿಪ್ಪೆಯನ್ನು ಒಂದು ಕಡೆ ಚೂರು ಚಿವುಟಿದರೆ ಸಾಕು, ಅದೇ ದಿನ ನೀರು ಹೀರಲು ತೊಡಗುತ್ತದೆ.

ಈ ಬಿಗಿತ ಎಷ್ಟು ಕಾಲ ಬೀಜವನ್ನು ಕಾಪಾಡಬಲ್ಲದು? ಇದರ ಹತ್ತಿರದ ನೆಂಟನೊಬ್ಬನ ಕಥೆ ಕೇಳಿ. ಪ್ಯಾರಿಸ್ಸಿನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಹಳೆಯ ಬೀಜಗಳ ಸಂಗ್ರಹವಿತ್ತು. ಪಾಲ್ ಬೆಕರೆಲ್ ಎಂಬ ವಿಜ್ಞಾನಿ ಅವುಗಳಲ್ಲಿ ಯಾವುವು ಇನ್ನೂ ಬದುಕಿವೆ ಎಂದು ಪರೀಕ್ಷಿಸಿದರು. 1776ರಲ್ಲಿ ಸಂಗ್ರಹಿಸಿದ್ದ ಕ್ಯಾಸಿಯ ಮಲ್ಟಿಜೂಗ ಎಂಬ ಗಿಡದ ಬೀಜ 1934ರಲ್ಲಿ ಮೊಳೆಯಿತು. 158 ವರ್ಷ! ಅದನ್ನು ಡಬ್ಬಿಗೆ ಹಾಕಿದಾಗ ನಮ್ಮಲ್ಲಿ ಹೈದರಾಲಿ ಆಳುತ್ತಿದ್ದ. ಅದೇ ಕುಟುಂಬದ ಇನ್ನೊಂದು ಉದಾಹರಣೆ ಲಂಡನ್ನಿನದು. 1793ರಲ್ಲಿ ಚೀನಾದಿಂದ ತಂದ ಆಲ್ಬಿಜಿಯ ಬೀಜ, ನಮ್ಮ ಬಾಗೆಮರದ ಬಳಗದ್ದು, ಬ್ರಿಟಿಷ್ ಮ್ಯೂಸಿಯಮ್ಮಿನ ಒಣಗಿಸಿದ ಸಸ್ಯಗಳ ಸಂಗ್ರಹದಲ್ಲಿ ಹಾಳೆಗೆ ಅಂಟಿಕೊಂಡಿತ್ತು. 1940ರಲ್ಲಿ ಯುದ್ಧದ ಬಾಂಬು ಬಿದ್ದು ಕಟ್ಟಡಕ್ಕೆ ಬೆಂಕಿ ಹತ್ತಿತು. ಬೆಂಕಿ ಆರಿಸಲು ನೀರು ಹೊಡೆದರು. ಕೆಲವು ದಿನಗಳ ಮೇಲೆ ನೋಡಿದರೆ ಆ 147 ವರ್ಷದ ಬೀಜಗಳು ಹಾಳೆಯ ಮೇಲೆಯೇ ಮೊಳೆತಿದ್ದವು. ಕಾವು, ಆಮೇಲೆ ನೀರು. ಬೀಜ ಕಾಯುತ್ತಿದ್ದುದು ಅವೆರಡಕ್ಕೇ.

ನಮ್ಮ ನೆಲದಲ್ಲಿ ಆ ಕಾವನ್ನು ಕೊಡುವುದು ಬೇಸಿಗೆಯ ಬಿಸಿಲು. ಫೆಬ್ರವರಿಯಿಂದ ಮೇ ತಿಂಗಳವರೆಗೆ ನೆರಳಿಲ್ಲದ ಕೆಮ್ಮಣ್ಣಿನ ಮೇಲ್ಮೈ ಹಗಲಲ್ಲಿ ಕಾದು ಕಾಲಿಡಲಾಗದಂತಾಗುತ್ತದೆ, ರಾತ್ರಿ ತಣಿಯುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿದಂತೆ ಸಿಪ್ಪೆಯ ಒಂದು ನಿರ್ದಿಷ್ಟ ಜಾಗ ಬಲ ಕಳೆದುಕೊಳ್ಳುತ್ತದೆ. ಬೀಜ ಕಾಯಿಗೆ ಅಂಟಿಕೊಂಡಿದ್ದ ಕಲೆಯ ಪಕ್ಕದಲ್ಲಿ ಸಣ್ಣ ಉಬ್ಬಿನಂಥ ಚುಕ್ಕೆಯೊಂದಿರುತ್ತದೆ. ಈ ಕುಟುಂಬದ ಅನೇಕ ಗಡಸು ಬೀಜಗಳಲ್ಲಿ ಮೊದಲು ಬಿಡುವುದು ಆ ಚುಕ್ಕೆಯೇ. ಒಮ್ಮೆ ಬಿಟ್ಟಿತೆಂದರೆ ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಮೊದಲ ಬೇಸಿಗೆಗೆ ಕೆಲವು ಬೀಜ ಸಡಿಲವಾಗುತ್ತವೆ, ಎರಡನೆಯದಕ್ಕೆ ಇನ್ನು ಕೆಲವು, ಉಳಿದವು ಮುಂದಿನ ವರ್ಷಗಳಿಗೆ. ಒಂದೇ ಗಿಡದ, ಒಂದೇ ಕಾಯಿಯ ಅಣ್ಣತಮ್ಮಂದಿರು ಬೇರೆಬೇರೆ ವರ್ಷ ನೆಲದಿಂದ ಏಳುತ್ತಾರೆ. ಪೊದೆಯ ನೆರಳಿನಲ್ಲಿ, ಎಲೆಕಸದ ಕೆಳಗೆ ಬಿದ್ದ ಬೀಜಕ್ಕೆ ಅಷ್ಟು ಕಾವು ತಗಲುವುದಿಲ್ಲ. ಅದು ಮಲಗಿಯೇ ಇರುತ್ತದೆ. ತಾಯಿಗಿಡ ಸತ್ತು ಬಯಲಾದಾಗ ಕಾವು ತಗಲಿ ಏಳುತ್ತದೆ. ತನಗೆ ಜಾಗ ಇದೆಯೋ ಇಲ್ಲವೋ ಎಂಬ ಸುದ್ದಿ ಬೀಜಕ್ಕೆ ಬಿಸಿಲಿನ ಮೂಲಕವೇ ತಲುಪಿದ ಹಾಗಾಯಿತು.

ಇಷ್ಟೆಲ್ಲ ಏರ್ಪಾಡು ಏತಕ್ಕೆ? ನಮ್ಮ ಮಳೆಯ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಎಂದು ಬರೆದಿಡುತ್ತೇವೆ. ಆದರೆ ಬೀಜಕ್ಕೆ ಸರಾಸರಿ ಪ್ರಯೋಜನಕ್ಕೆ ಬಾರದು. ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್ ಮೇ ತಿಂಗಳಲ್ಲಿ ಗುಡುಗಿ ಒಂದು ಸಂಜೆ ಸುರಿದು ಹೋಗುತ್ತವೆ. ನೆಲ ನೆನೆಯುತ್ತದೆ, ಮಣ್ಣಿನ ವಾಸನೆ ಏಳುತ್ತದೆ. ಆಮೇಲೆ ಮೂರು ವಾರ ಬೆಂಕಿಯಂಥ ಬಿಸಿಲು. ಆ ಮೊದಲ ಮಳೆಯನ್ನು ನಂಬಿ ಎಲ್ಲ ಬೀಜಗಳೂ ಎದ್ದುಬಿಟ್ಟರೆ ಎಲ್ಲವೂ ಒಣಗಿ ಸಾಯುತ್ತವೆ. ವರ್ಷಪೂರ್ತಿ ಕೈಕೊಡುವ ಮಳೆಯೂ ಉಂಟು. 2023ರಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ಬರುವುದನ್ನೇ ಕಾದು ಕೂತ ದಿನಗಳು ನಿಮಗೆಲ್ಲ ನೆನಪಿವೆ. ಅಂಥ ವರ್ಷದಲ್ಲಿ ಎದ್ದ ಸಸಿ ಉಳಿಯುವುದು ಕಷ್ಟ. ಉಳಿಯುವುದು ಏಳದ ಬೀಜ.

ಹಿಂದೆ ನಮ್ಮ ರಾಗಿಹೊಲದ ರೈತ ಬಿತ್ತನೆಯ ಬೀಜವನ್ನೆಲ್ಲ ಒಂದೇ ಮಳೆಗೆ ಚೆಲ್ಲುತ್ತಿರಲಿಲ್ಲ. ಮೊದಲ ಬಿತ್ತನೆ ಕೆಟ್ಟರೆ ಎರಡನೆಯದಕ್ಕೆ ಇರಲಿ ಎಂದು ಗುಡಾಣದಲ್ಲಿ ಒಂದಿಷ್ಟು ಉಳಿಸಿಕೊಳ್ಳುತ್ತಿದ್ದ. ಗಿಡವೂ ಅದನ್ನೇ ಮಾಡುತ್ತದೆ. ಇದನ್ನು 1966ರಲ್ಲಿ ಇಸ್ರೇಲಿನ ಡಾನ್ ಕೋಹೆನ್ ಗಣಿತದ ಭಾಷೆಯಲ್ಲಿ ಬರೆದು ತೋರಿಸಿದರು. ಮಳೆಯನ್ನು ನಂಬಲಾಗದ ನಾಡಿನಲ್ಲಿ ಬೀಜಗಳಲ್ಲಿ ಒಂದು ಪಾಲು ಮಾತ್ರ ಮೊಳೆತು ಉಳಿದವು ನೆಲದಲ್ಲೇ ಇರುವ ಗಿಡದ ವಂಶವೇ ಹೆಚ್ಚು ಕಾಲ ಬಾಳುತ್ತದೆ, ಒಳ್ಳೆಯ ವರ್ಷಗಳು ಎಷ್ಟು ಅಪರೂಪವೋ ಮೊಳೆಯುವ ಪಾಲೂ ಅಷ್ಟು ಕಡಿಮೆ ಇರಬೇಕು ಎಂಬುದು ಅವರ ಲೆಕ್ಕದ ಸಾರ. ಮರುಭೂಮಿಯ ಗಿಡಗಳನ್ನು ವರ್ಷಗಟ್ಟಲೆ ಎಣಿಸಿ ನೋಡಿದವರು ಆ ಲೆಕ್ಕಕ್ಕೆ ಆಧಾರ ಕಂಡಿದ್ದಾರೆ. ಬರ ತಡೆಯುವ ಗಿಡ ಎಂದರೆ ಆಳವಾದ ಬೇರು, ದಪ್ಪ ಎಲೆ ಎಂದಷ್ಟೇ ನಾವು ಯೋಚಿಸುತ್ತೇವೆ. ಬರ ತಡೆಯುವ ಶಕ್ತಿ ಬೀಜದಲ್ಲೇ ಶುರುವಾಗುತ್ತದೆ, ಮೊಳೆಯದಿರುವುದೂ ಆ ಶಕ್ತಿಯ ಒಂದು ರೂಪ. ನಾನು ಇಂದು ನಿಮ್ಮ ಮುಂದೆ ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಹಾಗಾದರೆ ಹುರುಳಿ ಏಕೆ ಎಲ್ಲವೂ ಒಟ್ಟಿಗೆ ಮೊಳೆಯುತ್ತದೆ? ಹುರುಳಿಯೂ ಬರಕ್ಕೆ ಹೆದರುವ ಬೆಳೆಯಲ್ಲ. ಇದಕ್ಕೆ ಉತ್ತರ ಬಳ್ಳಾರಿಯ ಹತ್ತಿರ ಇದೆ. ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರು ಇವು ನಮ್ಮ ನವಶಿಲಾಯುಗದ ಜನ ಬಾಳಿದ ನೆಲೆಗಳು. ದನ ಸಾಕಿ, ಸಗಣಿ ಸುಟ್ಟ ಬೂದಿದಿಬ್ಬಗಳನ್ನು ಬಿಟ್ಟುಹೋದವರು ಅವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಒಂದೊಂದಾಗಿ ಗುರುತಿಸಿದರು. ಸಣ್ಣ ಸಿರಿಧಾನ್ಯಗಳ ಜೊತೆಗೆ ಮತ್ತೆಮತ್ತೆ ಸಿಕ್ಕಿದ್ದು ಹುರುಳಿ ಮತ್ತು ಹೆಸರು. ನಾಲ್ಕು ಸಾವಿರ ವರ್ಷಗಳ ಹಿಂದೆ ದಖನ್ನಿನ ಒಣನೆಲದವರ ಊಟ ಅದು. ಇವತ್ತಿನ ನಮ್ಮ ಹುರುಳಿ ಬಸ್ಸಾರಿನ ವಂಶಾವಳಿ ಅಲ್ಲಿಗೆ ಹೋಗುತ್ತದೆ.

2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಭಾರತದ ಪ್ರಾಚೀನ ನೆಲೆಗಳ ಹುರುಳಿ ಕಾಳುಗಳನ್ನು ಇಂಗ್ಲೆಂಡಿನ ಡೈಮಂಡ್ ಸಿಂಕ್ರೊಟ್ರಾನ್ ಕೇಂದ್ರಕ್ಕೆ ಒಯ್ದರು. ಕಾಳನ್ನು ಒಡೆಯದೆ, ಅತಿ ತೀಕ್ಷ್ಣವಾದ ಕ್ಷಕಿರಣದಿಂದ ಅದರ ಸಿಪ್ಪೆಯ ದಪ್ಪವನ್ನು ಅಳೆದರು. ಹಳೆಯ ಕಾಳುಗಳಲ್ಲಿ ಸಿಪ್ಪೆ ದಪ್ಪವಾದದ್ದೂ ಇತ್ತು, ತೆಳುವಾದದ್ದೂ ಇತ್ತು. ಕಾಲ ಸರಿದಂತೆ ತೆಳು ಸಿಪ್ಪೆಯೇ ನೆಲೆನಿಂತಿತು. ಇದಕ್ಕೆ ಕಾರಣ ಸರಳ. ಬಿತ್ತಿದ ಬೀಜಗಳಲ್ಲಿ ಆ ವರ್ಷವೇ ಮೊಳೆತವು ಮಾತ್ರ ಸುಗ್ಗಿಗೆ ಸಿಗುತ್ತವೆ. ಅವುಗಳ ಕಾಳೇ ಮುಂದಿನ ವರ್ಷದ ಬಿತ್ತನೆಗೆ ಹೋಗುತ್ತದೆ. ದಪ್ಪ ಸಿಪ್ಪೆಯದು ನೆಲದಲ್ಲೇ ಉಳಿದು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಯಾರೂ ಕೂತು ಆರಿಸಲಿಲ್ಲ. ನೂರಾರು ತಲೆಮಾರು ಬಿತ್ತಿ ಕೊಯ್ದ ಕೈಗಳೇ ಸಿಪ್ಪೆಯನ್ನು ತೆಳು ಮಾಡಿದವು. ಕಾಯುವ ಹೊಣೆಯನ್ನು ರೈತ ತಾನು ವಹಿಸಿಕೊಂಡ. ಕಾಳು ಅದನ್ನು ಕೆಳಗಿಟ್ಟಿತು. ಇಂದಿಗೂ ಹೆಸರುಕಾಳು ನೆನೆಹಾಕಿದಾಗ ಎಲ್ಲೋ ಒಂದೆರಡು ಕಾಳು ಉಬ್ಬದೆ ಗಟ್ಟಿಯಾಗಿಯೇ ಉಳಿದು ಹಲ್ಲಿಗೆ ಸಿಗುತ್ತದಲ್ಲ, ಅದು ಆ ಕಾಡಿನ ಗುಣದ ಉಳಿಕೆ. ಮುಂದಿನ ಸಲ ಸಿಕ್ಕಾಗ ಬೈದುಕೊಳ್ಳದೆ ಒಂದು ಕ್ಷಣ ನೋಡಿ.

ಸಿಪ್ಪೆ ಬಿಟ್ಟ ಮೇಲೆ ಆವರಿಕೆಯ ಬೀಜದೊಳಗೆ ನಡೆಯುವುದು ಚಂದದ ಕೆಲಸ. ಮೊದಲು ಬೀಜ ಸುಮ್ಮನೆ ನೀರು ಹೀರಿಕೊಳ್ಳುತ್ತದೆ. ಸತ್ತ ಬೀಜವೂ ಅಷ್ಟು ಮಾಡುತ್ತದೆ. ಬೀಜ ಉಬ್ಬಿ, ಸಿಪ್ಪೆ ಸುಕ್ಕುಗಟ್ಟಿ, ಆಮೇಲೆ ಬಿಗಿಯಾಗಿ ಹಿಗ್ಗುತ್ತದೆ. ನಂತರ ಕೆಲವು ಗಂಟೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಉಸಿರಾಟ ಏರುತ್ತದೆ, ಕಿಣ್ವಗಳು ಎಚ್ಚರಗೊಳ್ಳುತ್ತವೆ, ಕೂಡಿಟ್ಟ ಆಹಾರ ಕರಗತೊಡಗುತ್ತದೆ. ಆಮೇಲೆ ಬೇರು. ಈ ಬಳಗದ ಬೀಜಗಳಲ್ಲಿ ಭ್ರೂಣದ ಸುತ್ತ ಗ್ಯಾಲಕ್ಟೊಮನ್ನಾನ್ ಎಂಬ ಅಂಟುಪದಾರ್ಥದ ಪದರ ಇರುತ್ತದೆ. ಇದು ಏನೆಂದು ತಿಳಿಯಲು ಪ್ರಯೋಗಶಾಲೆ ಬೇಡ, ಮೆಂತ್ಯ ನೆನೆಹಾಕಿದರೆ ಸಾಕು. ಬೆರಳಿಗೆ ಅಂಟುವ ಆ ಲೋಳೆಯೇ ಅದು. ಮೆಂತ್ಯದ ಮೇಲೆ ಅಧ್ಯಯನ ಮಾಡಿದವರು ಅದಕ್ಕೆ ಎರಡು ಕೆಲಸ ಇದೆ ಎಂದು ಕಂಡರು. ಮುಂದೆ ಅದು ಮೊಳಕೆಗೆ ಆಹಾರವಾಗುತ್ತದೆ. ಅದಕ್ಕಿಂತ ಮೊದಲು ನೀರನ್ನು ಹಿಡಿದಿಟ್ಟು, ಹೊರಗಿನ ಮಣ್ಣು ಒಣಗಿದರೂ ಭ್ರೂಣ ತಕ್ಷಣ ಒಣಗದಂತೆ ನೋಡಿಕೊಳ್ಳುತ್ತದೆ. ಮಳೆ ಬಿಟ್ಟು ಬಿಟ್ಟು ಬರುವ ನೆಲದಲ್ಲಿ ಆ ಒಂದೆರಡು ದಿನದ ಸಾವಕಾಶ ಎಷ್ಟು ದೊಡ್ಡದು ಎಂಬುದನ್ನು ಬಿತ್ತಿದವರು ಬಲ್ಲರು.

ಬೇರು ಇಳಿದ ಮೇಲೆ ಎರಡು ಬೀಜದಳಗಳು ಮಣ್ಣಿನಿಂದ ಮೇಲೆದ್ದು ಬಿಡಿಸಿಕೊಳ್ಳುತ್ತವೆ, ಹಸಿರಾಗುತ್ತವೆ. ಸಂಜೆ ಹೋಗಿ ನೋಡಿದರೆ ಹೊಸ ಎಲೆಗಳು ಮಡಿಸಿಕೊಂಡಿರುತ್ತವೆ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ 1880ರಲ್ಲಿ ಗಿಡಗಳ ಚಲನೆಯ ಮೇಲೆ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಅದಕ್ಕಾಗಿ ಅವನು ದಿನರಾತ್ರಿ ಗಮನಿಸಿದ ಮೊಳಕೆಗಳಲ್ಲಿ ಒಂದು ನಮ್ಮ ತಗಚೆ, ಆವರಿಕೆಯ ಚಿಕ್ಕ ತಂಗಿ. ಅದರ ಬೀಜದಳಗಳೂ ರಾತ್ರಿ ಮೇಲೆದ್ದು ಮುಚ್ಚಿಕೊಳ್ಳುವುದನ್ನು ಅವನು ಗೆರೆ ಎಳೆದು ದಾಖಲಿಸಿದ. ನಾವು ಮಳೆಗಾಲದಲ್ಲಿ ಪಲ್ಯಕ್ಕೆ ಕೊಯ್ಯುವ ಸೊಪ್ಪು ಡಾರ್ವಿನ್ನನ ಮೇಜಿನ ಮೇಲೂ ಇತ್ತು ಎಂಬುದು ಮಕ್ಕಳಿಗೆ ಹೇಳಬೇಕಾದ ಸಂಗತಿ.

ಮೇಲೆ ಕಾಣುವ ಚಿಗುರಿಗಿಂತ ಕೆಳಗಿನ ಬೇರು ಬಹಳ ಮುಂದೆ ಹೋಗಿರುತ್ತದೆ. ಚಿಗುರು ಬೆರಳುದ್ದ ಆಗುವ ಹೊತ್ತಿಗೆ ತಾಯಿಬೇರು ನೇರವಾಗಿ ಆಳಕ್ಕೆ ಹೊರಟಿರುತ್ತದೆ. ಇದನ್ನು ಚಿಕ್ಕ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬೆಳೆಸಿದರೆ ಬೇರು ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಸಸಿಯನ್ನು ನೆಟ್ಟರೆ ಮೊದಲ ಬೇಸಿಗೆಯಲ್ಲೇ ಸಾಯುತ್ತದೆ, ಬರ ತಡೆಯುವ ಗಿಡ ಎಂದರಲ್ಲ, ಸತ್ತಿತಲ್ಲ ಎನ್ನುತ್ತೇವೆ. ಗಿಡದ ತಪ್ಪು ಅದರಲ್ಲಿ ಏನೂ ಇಲ್ಲ.

ನಮ್ಮ ಭಾಗದ ಒಣ ಕುರುಚಲು ಕಾಡುಗಳ ವಿಷಯ ಎರಡು ಮಾತು. ತುರಹಳ್ಳಿಯ ಬಂಡೆಗಾಡು, ಜ್ಞಾನಭಾರತಿ ಆವರಣದ ಕೆಲವು ಭಾಗ, ಮಾಗಡಿ ರಸ್ತೆಯ ಆಚೆಗಿನ ಗುಡ್ಡಗಳು ಇಂದು ಉಳಿದಿರುವ ತುಣುಕುಗಳು. 2021ರಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದ್ದು ಸರಿಯಾಗಿತ್ತು. ಕುರುಚಲು ಕಾಡನ್ನು ನಾವು ಪಾಳುಭೂಮಿ ಎಂದು ಭಾವಿಸುತ್ತೇವೆ. ಹಸಿರು ಸಾಲದು ಎಂದು ಅಲ್ಲಿಗೆ ಮರ ತಂದು ನೆಡುತ್ತೇವೆ. ಅಲ್ಲಿನ ಮಣ್ಣಿನಲ್ಲಿ ಇಂಥ ಗಡಸು ಬೀಜಗಳ ಗುಪ್ತ ಸಂಗ್ರಹ ಇರುತ್ತದೆ. ಜೆಸಿಬಿ ತಂದು ಮೇಲ್ಮಣ್ಣು ಕೆರೆದು ಲಾರಿಗೆ ತುಂಬಿದರೆ ಹೋಗುವುದು ಬರಿ ಮಣ್ಣಲ್ಲ, ಮುಂದಿನ ಹಲವು ವರ್ಷಗಳ ಗಿಡಗಳೂ ಹೋಗುತ್ತವೆ. ಯಾವುದೋ ಕೆಲಸಕ್ಕೆ ಆ ಮಣ್ಣು ಕೆರೆಯಲೇಬೇಕಾದರೆ ಅದನ್ನು ಒಂದು ಕಡೆ ರಾಶಿ ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಹರಡಬೇಕು. ಖರ್ಚು ಕಡಿಮೆ, ಫಲ ಹೆಚ್ಚು.

ಈಚೆಗೆ ನಮ್ಮ ಶಾಲೆಗಳಲ್ಲಿ, ಬಡಾವಣೆ ಸಂಘಗಳಲ್ಲಿ ಬೀಜದುಂಡೆ ಮಾಡುವ ಉತ್ಸಾಹ ಬಂದಿದೆ. ಜಪಾನಿನ ಮಸನೊಬು ಫುಕುವೊಕ ಜನಪ್ರಿಯಗೊಳಿಸಿದ ಪದ್ಧತಿ. ಮಕ್ಕಳ ಕೈಗೆ ಮಣ್ಣು ಅಂಟುವುದು ನನಗೆ ತುಂಬ ಇಷ್ಟ. ಆದರೆ ಯಾವ ಬೀಜ ಎಂಬುದನ್ನು ನೋಡಬೇಕು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಿಂದಿನ ವರ್ಷದ ಬೇವನ್ನು ಉಂಡೆ ಕಟ್ಟಿ ಎಸೆದರೆ ಎಸೆದದ್ದು ಬರಿ ಮಣ್ಣಿನ ಉಂಡೆ. ಹೊಂಗೆಯೂ ಅವರೆಯ ಕುಟುಂಬದ್ದೇ ಆದರೂ ಅದಕ್ಕೆ ಗಡಸು ಸಿಪ್ಪೆಯಿಲ್ಲ. ಆ ವರ್ಷದ ಕಾಯಿಯನ್ನು ಆ ವರ್ಷದ ಮಳೆಗೇ ಬಿತ್ತಬೇಕು. ಆವರಿಕೆ, ಕರಿಜಾಲಿ, ಬಾಗೆ ಇವು ಕಾಯಬಲ್ಲ ಬೀಜಗಳು. ಕರಿಜಾಲಿಯ ಕಾಯಿ ತಿಂದ ಆಡುಕುರಿಗಳ ಹಟ್ಟಿಯಿಂದ ಬೀಜ ಆರಿಸಿ ಬಿತ್ತುವುದು ಹಳೆಯ ರೂಢಿ. ಆಡಿನ ಹೊಟ್ಟೆಯೂ ಬಾಯಿಯೂ ಸಿಪ್ಪೆಯನ್ನು ಸಡಿಲ ಮಾಡಿರುತ್ತವೆ.

ಮನೆಯಲ್ಲಿ ಆವರಿಕೆ ಬೆಳೆಸುವ ವಿಧಾನ ಕಷ್ಟದ್ದಲ್ಲ. ಕಾಯಿ ಗಿಡದಲ್ಲೇ ಪೂರ್ತಿ ಒಣಗಿ ಕಂದಾದ ಮೇಲೆ ಕೊಯ್ಯಿರಿ. ಒಂದೇ ಗಿಡವನ್ನು ಬೋಳು ಮಾಡದೆ ಹತ್ತು ಗಿಡಗಳಿಂದ ಸ್ವಲ್ಪ ಸ್ವಲ್ಪ. ಬೀಜ ಬಿಡಿಸಿ ನೀರಿಗೆ ಹಾಕಿ ತೇಲಿದ್ದನ್ನು ತೆಗೆಯಿರಿ. ಕಡಿಮೆ ಬೀಜವಿದ್ದರೆ ಒಂದೊಂದನ್ನೂ ನೇಲ್‌ಕಟರಿನಿಂದ ಚೂರು ಚಿವುಟಿ, ಅಥವಾ ಬಡಗಿಯ ಅಂಗಡಿಯ ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ. ಕಾಯಿಗೆ ಅಂಟಿದ್ದ ಕಲೆಯ ಕಡೆ ಮುಟ್ಟಬೇಡಿ, ಬೇರುಮೊಳೆ ಇರುವುದು ಅಲ್ಲಿ. ಅದರ ಎದುರು ತುದಿಯಲ್ಲಿ ಉಜ್ಜಬೇಕು. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಂಡ ಕೂಡಲೆ ನಿಲ್ಲಿಸಿ. ಬೀಜ ಹೆಚ್ಚಿದ್ದರೆ ಕುದಿದ ನೀರನ್ನು ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ಬೀಜದ ಮೇಲೆ ಸುರಿದು, ಅದೇ ನೀರಿನಲ್ಲಿ ಬೆಳಗಿನವರೆಗೆ ತಣಿಯಲು ಬಿಡಿ. ಒಲೆಯ ಮೇಲೆ ಇಟ್ಟು ಕುದಿಸಿದರೆ ಬೀಜ ಬೆಂದುಹೋಗುತ್ತದೆ. ಬೆಳಗ್ಗೆ ಉಬ್ಬಿದವನ್ನು ಆರಿಸಿ ಬಿತ್ತಿ. ಉಬ್ಬದವಕ್ಕೆ ಅದೇ ಉಪಚಾರ ಇನ್ನೊಮ್ಮೆ. ಮಣ್ಣಿಗೆ ಅರ್ಧ ಮರಳು ಬೆರೆಸಿ. ಬೀಜದ ದಪ್ಪದಷ್ಟೇ ಆಳ. ನೀರು ಅತಿಯಾದರೆ ಬುಡ ಕೊಳೆಯುತ್ತದೆ. ಬೇರೆ ಗಿಡಗಳಿಗೆ ತೋರಿಸುವ ಅಕ್ಕರೆಯನ್ನು ಇದಕ್ಕೆ ತೋರಿಸಬೇಡಿ. ಉದ್ದನೆಯ ಚೀಲ ಸಿಗದಿದ್ದರೆ ನೇರವಾಗಿ ನೆಲಕ್ಕೇ ಬಿತ್ತುವುದು ಉತ್ತಮ.

ನರ್ಸರಿಗಳಲ್ಲಿ ನಾನು ನೋಡಿರುವ ಒಂದು ಪದ್ಧತಿ ನೋವು ಕೊಡುತ್ತದೆ. ಬೀಜ ಹಾಕಿ ಎರಡು ಮೂರು ವಾರ ಕಾಯುತ್ತಾರೆ. ಹತ್ತಕ್ಕೆ ಒಂದೋ ಎರಡೋ ಎದ್ದರೆ, ಬೀಜ ಕೆಟ್ಟದ್ದು ಎಂದು ತೀರ್ಮಾನಿಸಿ ಟ್ರೇಯ ಮಣ್ಣನ್ನೇ ಗುಂಡಿಗೆ ಸುರಿಯುತ್ತಾರೆ. ಆ ಗುಂಡಿಗೆ ಹೋಗುವವು ಬಹುಪಾಲು ಜೀವವಿರುವ ಬೀಜಗಳು. ಇಲಾಖೆಗಳ ಟೆಂಡರುಗಳಲ್ಲೂ ಮೊಳೆಯುವ ಶೇಕಡಾವಾರನ್ನೇ ಗುಣಮಟ್ಟದ ಅಳತೆಯಾಗಿ ಹಿಡಿಯುತ್ತೇವೆ. ಹೊಲದ ಬೀಜಕ್ಕೆ ಅದು ಸರಿಯಾದ ಅಳತೆ, ಕಾಡಿನ ಬೀಜಕ್ಕೆ ಅಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮನೆಯ ಕುಂಡಕ್ಕೆ, ಶಾಲೆಯ ಕೈತೋಟಕ್ಕೆ ಬಿತ್ತುವಾಗ ಬೀಜವನ್ನೆಲ್ಲ ಉಜ್ಜಿಯೇ ಬಿತ್ತಿ, ಮಕ್ಕಳು ಮೊಳಕೆ ನೋಡಲಿ. ಆದರೆ ಕೆರೆ ಏರಿ, ಗುಡ್ಡ, ರಸ್ತೆಬದಿ, ಬೇಲಿಗಳಿಗೆ ಬಿತ್ತುವಾಗ ಅರ್ಧ ಬೀಜವನ್ನು ಮಾತ್ರ ಉಜ್ಜಿ. ಇನ್ನರ್ಧವನ್ನು ಹಾಗೆಯೇ ಸೇರಿಸಿ. ಈ ವರ್ಷ ಮಳೆ ಕೈಕೊಟ್ಟರೆ ಉಜ್ಜಿದ್ದು ಹೋಗಬಹುದು, ಉಜ್ಜದ್ದು ನೆಲದಲ್ಲಿರುತ್ತದೆ. ಬಿತ್ತಿದ ಜಾಗಕ್ಕೆ ಒಂದು ಗೂಟ ನೆಟ್ಟು ವರ್ಷ ಬರೆದಿಡಿ, ಮೂರು ಮಳೆಗಾಲ ಅಲ್ಲಿ ಅಗೆಯಬೇಡಿ, ಬೇರೆ ಗಿಡ ತಂದು ನೆಡಬೇಡಿ. ರೋಹಿಣಿ ಮಳೆಗೆ ಇನ್ನೂ ಸಮಯವಿದೆ. ಸಭಾಂಗಣದ ಹೊರಗಿನ ಮೇಜಿನ ಮೇಲೆ ಈ ವರ್ಷದ ಬೀಜದ ಪೊಟ್ಟಣಗಳಿವೆ, ಜೊತೆಗೆ ಒಂದೊಂದು ತುಂಡು ಸ್ಯಾಂಡ್‌ಪೇಪರ್. ದಯವಿಟ್ಟು ಮನೆಗೊಂದರಂತೆ ತೆಗೆದುಕೊಂಡು ಹೋಗಿ.